ಡೇಗೆಯ ಹೆಸರು, ಗರಡಿಮನೆಯ ಪಾಲಿಗೆ

ಚೆಕ್ ಹಳ್ಳಿಯಲ್ಲಿ ಯಾರಾದರೂ ‘ಸೊಕೊಲ್‌ಗೆ ಹೋಗಿ ಬರ್ತೀನಿ’ ಅಂದರೆ ಹಕ್ಕಿ ನೋಡೋಕೆ ಹೊರಟಿದ್ದಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಚೆಕ್‌ನಲ್ಲೂ ಸ್ಲೊವಾಕ್‌ನಲ್ಲೂ ಸೊಕೊಲ್ ಎಂದರೆ ಡೇಗೆ. ಆದರೆ ಅದೇ ಹೆಸರಿನ ವ್ಯಾಯಾಮ ಸಂಘವೊಂದಿದೆ. ಅದರ ಗರಡಿಮನೆಗೆ ಸೊಕೊಲೊವ್ನಾ ಅನ್ನುತ್ತಾರೆ. ಊರಿನ ನಾಟಕ, ಕುಣಿತ ಕೂಡ ಎಷ್ಟೋ ಕಡೆ ಅಲ್ಲೇ.

ಸಂಘ ಹುಟ್ಟಿದ್ದು 1862ರಲ್ಲಿ, ಪ್ರಾಗ್‌ನಲ್ಲಿ. ಆಗ ನಾಡು ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಕೈಯಲ್ಲಿತ್ತು. ಕಟ್ಟಿದವರು ಮಿರೊಸ್ಲಾವ್ ತಿರ್ಶ್ ಮತ್ತು ಯಿಂದ್ರಿಖ್ ಫ್ಯುಗ್ನರ್. ಚೆಕ್ಕರ ಅಭಿಮಾನದ ಸಂಘ ಕಟ್ಟಿದ ಇಬ್ಬರದ್ದೂ ಜರ್ಮನ್ ಮನೆತನ, ಮಜಾ ಅಲ್ವಾ? ಮೊದಲಿಗೆ ಇದ್ದದ್ದು ‘ಪ್ರಾಗ್ ವ್ಯಾಯಾಮ ಸಂಘ’ ಅನ್ನೋ ಸಪ್ಪೆ ಹೆಸರು. ದಕ್ಷಿಣ ಸ್ಲಾವರ ವೀರಗೀತೆಗಳಲ್ಲಿ ಗಂಡೆದೆಯ ಕಲಿಯನ್ನು ಡೇಗೆ ಎಂದೇ ಕರೆಯುತ್ತಾರೆ. ಆ ಅರ್ಥ ಹಿಡಿದು ಸಂಘ ‘ಸೊಕೊಲ್’ ಆಯಿತು. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿಯ ಸೈನಿಕರ ಹಾಗೆ ಕೆಂಪು ಅಂಗಿ, ಟೋಪಿಗೊಂದು ಡೇಗೆಯ ಗರಿ. ಫ್ಯುಗ್ನರ್ ಇನ್ನೊಂದು ರೂಢಿ ತಂದರು: ಒಳಗೆ ಬಂದವರೆಲ್ಲ ಅಣ್ಣತಮ್ಮಂದಿರು, ಯಜಮಾನನಾಗಲಿ ಕೂಲಿಯಾಗಲಿ ಏಕವಚನದಲ್ಲೇ ಮಾತು. ಆ ಕಾಲಕ್ಕೆ ಕಸರತ್ತಿಗಿಂತ ಇದೇ ದೊಡ್ಡ ಧೈರ್ಯ ಅನ್ನಿಸುತ್ತದೆ.

ಹಕ್ಕಿಯ ಹೆಸರಿನ ಬೆನ್ನಿಗೆ ಹಕ್ಕಿಯ ಮಾತೂ ಬಂತು. 1882ರಿಂದ ನಡೆಯುವ ದೊಡ್ಡ ಮೇಳಕ್ಕೆ ‘ಸ್ಲೆಟ್’ ಎಂದು ಹೆಸರು. ಎಲ್ಲೆಲ್ಲಿಂದಲೋ ಹಾರಿ ಬಂದು ಒಂದೆಡೆ ಇಳಿಯುವುದು ಅಂತ ಅರ್ಥ.

ಆಳುವವರಿಗೆ ಈ ಹಕ್ಕಿಯನ್ನು ಕಂಡರೆ ಯಾವಾಗಲೂ ದಿಗಿಲು. 1915ರಲ್ಲಿ ಆಸ್ಟ್ರಿಯಾ ಸಂಘವನ್ನು ಮುಚ್ಚಿಸಿತು. 1918ರಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿದ ಮೇಲೆ ಅದು ಸ್ಲೊವಾಕಿಯಾದಲ್ಲೂ ಹಬ್ಬಿತು. 1941ರಲ್ಲಿ ನಾಜಿಗಳು ಮತ್ತೆ ಬೀಗ ಹಾಕಿದರು. ಸದಸ್ಯರು ಸಾವಿರಗಟ್ಟಲೆ ಸೆರೆಗೆ, ಸಾವಿಗೆ ಹೋದರು.

1948ರ ಸ್ಲೆಟ್ ಅಂತೂ ನೋಡುವಂಥದ್ದು. ಕಮ್ಯುನಿಸ್ಟರು ಆಗಷ್ಟೇ ಅಧಿಕಾರ ಹಿಡಿದಿದ್ದರು. ಪ್ರಾಗ್ ಬೀದಿಯ ಮೆರವಣಿಗೆಯಲ್ಲಿ ಹೊಸ ಅಧ್ಯಕ್ಷ ಗೊಟ್ವಾಲ್ಡ್ ಕೂತಿದ್ದ ವೇದಿಕೆ ಹತ್ತಿರ ಬಂದಾಗ ಸಾಲಿಗೆ ಸಾಲೇ ಮುಖ ಆಚೆಗೆ ತಿರುಗಿಸಿತು. ಕೂಗಿದ್ದು ಕುರ್ಚಿ ಬಿಟ್ಟಿಳಿದಿದ್ದ ಹಿಂದಿನ ಅಧ್ಯಕ್ಷ ಬೆನೆಶ್ ಹೆಸರನ್ನು. ಸರ್ಕಾರ ಸುಮ್ನೆ ಬಿಡಲಿಲ್ಲ. ಬಂಧನ, ಉಚ್ಚಾಟನೆ ಶುರುವಾದವು. 1955ರಿಂದ ಸ್ಲೆಟ್ ಜಾಗದಲ್ಲಿ ಸರ್ಕಾರದ್ದೇ ‘ಸ್ಪಾರ್ಟಾಕಿಯಾಡ್’ ಬಂತು. ಅದೇ ಸಾಮೂಹಿಕ ಕವಾಯತು, ಹಕ್ಕಿಯ ಹೆಸರು ಮಾತ್ರ ಇಲ್ಲ.

1990ರಲ್ಲಿ ಸೊಕೊಲ್ ಮತ್ತೆ ಬಾಗಿಲು ತೆರೆಯಿತು. ಈಗ ಆರು ವರ್ಷಕ್ಕೊಮ್ಮೆ ಸ್ಲೆಟ್ ನಡೆಯುತ್ತದೆ. 2024ರಲ್ಲೂ ಪ್ರಾಗ್‌ನಲ್ಲಿ ನಡೆಯಿತು.