ಎಲ್‌ಕೆಜಿ ಸೀಟಿನ ಲೆಕ್ಕ: ವಯಸ್ಸು, ವಾರ್ಡು, ಲಾಟರಿ

ತುಮಕೂರಿನ ಒಂದೇ ಬೀದಿಯಲ್ಲಿ ಮೇ ಕೊನೆಯ ವಾರ ಹುಟ್ಟಿದ ಮಗುವಿಗೆ ಎಲ್‌ಕೆಜಿ ಬಾಗಿಲು ತೆರೆಯುತ್ತದೆ. ಪಕ್ಕದ ಮನೆಯಲ್ಲಿ ಅದೇ ವರ್ಷ ಜೂನ್ ಮೊದಲ ವಾರ ಹುಟ್ಟಿದ ಮಗು ಇನ್ನೊಂದು ವರ್ಷ ಕಾಯಬೇಕು. ಬೀದಿಯ ಈ ಬದಿಯವರು ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟಿನ) ಅರ್ಜಿ ಹಾಕಬಹುದಾದ ಶಾಲೆಗೆ ಆ ಬದಿಯವರು ಹಾಕುವಂತಿಲ್ಲ, ವಾರ್ಡಿನ ಗಡಿ ನಡುವೆ ಹಾದುಹೋಗಿರುತ್ತದೆ. ಅರ್ಜಿ ಹಾಕುವ ಹೊತ್ತಿಗೆ ಆ ಶಾಲೆಯ ಹೆಸರೇ ಪಟ್ಟಿಯಲ್ಲಿ ಇಲ್ಲದಿರಬಹುದು. ಮೂರಕ್ಕೂ ಹಿಂದೆ ಬೇರೆ ಬೇರೆ ಆದೇಶಗಳಿವೆ. ಅವನ್ನು ಒಟ್ಟಿಗೆ ಓದದ ಹೊರತು ಸೀಟು ಯಾಕೆ ಸಿಕ್ಕಿತು, ಯಾಕೆ ಕೈತಪ್ಪಿತು ಎಂಬುದು ಗೊತ್ತಾಗುವುದಿಲ್ಲ.

ಮೊದಲು ಸೀಟಿನ ಪ್ರಶ್ನೆಯೇ ಇರಲಿಲ್ಲ. ಊರಲ್ಲಿ ಬಾಲವಾಡಿ ಅಥವಾ ಶಿಶುವಿಹಾರ ಇದ್ದರೆ ಮಗು ಹೋಗುತ್ತಿತ್ತು, ಇಲ್ಲದಿದ್ದರೆ ನೇರ ಒಂದನೇ ತರಗತಿ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ರಾಜ್ಯದ ಮೊದಲ ಅಂಗನವಾಡಿಗಳು ತಿ. ನರಸೀಪುರದಲ್ಲಿ ತೆರೆದವು. ಮುಂದೆ ಅವು ಹಳ್ಳಿಹಳ್ಳಿಗೂ ಬಂದವು. ಅಷ್ಟರಲ್ಲಿ ಪೇಟೆಗಳಲ್ಲಿ ಕಾನ್ವೆಂಟುಗಳು ಬೆಳೆದಿದ್ದವು. 1994ರಲ್ಲಿ ರಾಜ್ಯ ತಂದ ಮಾತೃಭಾಷಾ ಮಾಧ್ಯಮದ ನೀತಿ ಎರಡು ದಶಕ ಕೋರ್ಟುಗಳಲ್ಲಿ ಓಡಾಡಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಆ ವೇಳೆಗೆ ಇಂಗ್ಲಿಷ್ ಬೇಕೆಂದರೆ ಎಲ್‌ಕೆಜಿಯಲ್ಲೇ ಒಳಗೆ ಹೋಗಬೇಕು ಎಂಬ ನಂಬಿಕೆ ಗುಬ್ಬಿ, ಶಿರಾ, ಮಾಲೂರು, ಚಿಂತಾಮಣಿಯಂಥ ತಾಲ್ಲೂಕು ಕೇಂದ್ರಗಳಲ್ಲೂ ಗಟ್ಟಿಯಾಗಿತ್ತು. ಒಂದನೇ ತರಗತಿಗೆ ಬರುವ ಹೊತ್ತಿಗೆ ಖಾಸಗಿ ಶಾಲೆಯ ಸೀಟುಗಳು ಯುಕೆಜಿ ಮಕ್ಕಳಿಂದಲೇ ತುಂಬಿರುತ್ತಿದ್ದವು. ಪೈಪೋಟಿ ನಾಲ್ಕು ವರ್ಷದ ಮಕ್ಕಳ ಮೇಲೆ ಬಿದ್ದದ್ದು ಹೀಗೆ.

ಇದಕ್ಕೆ ಕಾನೂನಿನ ಕೈ ತಾಗಿದ್ದು ಶಿಕ್ಷಣ ಹಕ್ಕು ಕಾಯ್ದೆಯಿಂದ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯ 12(1)(ಸಿ) ಕಲಮು ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯ ಕನಿಷ್ಠ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳಿಗೆ ಕೊಡಬೇಕೆಂದಿತು. ಶಾಲೆಯಲ್ಲಿ ಎಲ್‌ಕೆಜಿ ಇದ್ದರೆ ಕೋಟಾ ಅಲ್ಲಿಂದಲೇ ಅನ್ವಯ. 13ನೇ ಕಲಮು ಡೊನೇಷನ್ ಮತ್ತು ಮಗುವಿನ ಅಥವಾ ಪೋಷಕರ ಸಂದರ್ಶನ ಎರಡನ್ನೂ ನಿಷೇಧಿಸಿತು. ಸಂದರ್ಶನ ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ನಂತರದ ಪ್ರತಿ ಸಲ 50,000ವರೆಗೆ. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟ್ ಈ ಕೋಟಾವನ್ನು ಎತ್ತಿಹಿಡಿಯಿತು. ಆ ಶೈಕ್ಷಣಿಕ ವರ್ಷದಿಂದಲೇ ಕರ್ನಾಟಕ ಅದನ್ನು ಜಾರಿ ಮಾಡಿತು.

ಮುಂದಿನ ಏಳು ವರ್ಷ ಈ ವ್ಯವಸ್ಥೆ ನಿಜವಾಗಿ ನಡೆಯಿತು. ಹೇಗೆ ನಡೆಯಿತು ಎಂಬುದನ್ನು ವಿವರವಾಗಿ ನೋಡಬೇಕು, ಏಕೆಂದರೆ ಇಂದಿನ ಅರ್ಜಿ ನಮೂನೆ, ದಾಖಲೆ, ಲಾಟರಿ ಎಲ್ಲವೂ ಆಗಿನದೇ.

ಶೇ 25 ಎಂಬ ಪಾಲನ್ನು ರಾಜ್ಯ ಮತ್ತೆ ಒಡೆಯಿತು: ಒಟ್ಟು ಸೀಟಿನಲ್ಲಿ ಪರಿಶಿಷ್ಟ ಜಾತಿಗೆ ಶೇ 7.5, ಪರಿಶಿಷ್ಟ ಪಂಗಡಕ್ಕೆ ಶೇ 1.5, ಉಳಿದ ವರ್ಗಗಳಿಗೆ ಶೇ 16. ಎಲ್‌ಕೆಜಿಯಲ್ಲಿ 40 ಮಕ್ಕಳಿರುವ ಶಾಲೆಯಲ್ಲಿ ಆರ್‌ಟಿಇ ಸೀಟು 10. ಒಳಗಿನ ಲೆಕ್ಕ ಕ್ರಮವಾಗಿ 3, 0.6 ಮತ್ತು 6.4. ಪೂರ್ಣ ಸಂಖ್ಯೆಗೆ ತಂದರೆ 3, 1, 6. ಅದೇ 20 ಮಕ್ಕಳ ಶಾಲೆಯಾದರೆ 5 ಸೀಟು, ಅದರಲ್ಲಿ ಪರಿಶಿಷ್ಟ ಪಂಗಡದ ಪಾಲು 0.3, ಅರ್ಧ ಸೀಟೂ ಆಗದು. ನಾಯಕ ಸಮುದಾಯದವರು ಹೆಚ್ಚಿರುವ ಪಾವಗಡ, ಮಧುಗಿರಿ ಕಡೆಯ ಸಣ್ಣ ಶಾಲೆಗಳಲ್ಲಿ ಈ ಭಿನ್ನರಾಶಿ ಬರಿಯ ಗಣಿತದ ಮಾತಲ್ಲ.

ನೆರೆಹೊರೆ ಎಂದರೆ ಪಟ್ಟಣದಲ್ಲಿ ವಾರ್ಡು, ಹಳ್ಳಿಯಲ್ಲಿ ಕಂದಾಯ ಗ್ರಾಮ. ತುಮಕೂರು ಮಹಾನಗರ ಪಾಲಿಕೆಯಲ್ಲಿ 35 ವಾರ್ಡುಗಳಿವೆ, ಶಾಲೆಗಳು ಮಾತ್ರ ವಾರ್ಡಿಗಿಷ್ಟು ಎಂದು ಹಂಚಿಕೊಂಡಿಲ್ಲ. ದೊಡ್ಡ ಶಾಲೆಗಳು ಜಾಗ ಅಗ್ಗವಾಗಿ ಸಿಗುವ ಊರಾಚೆಗೆ, ಹೆದ್ದಾರಿ ಬದಿಗೆ ಹೋದವು. ಕಟ್ಟಡ ನಿಂತ ಸರ್ವೆ ನಂಬರು ಯಾವುದೋ ಕಂದಾಯ ಗ್ರಾಮಕ್ಕೆ ಸೇರಿರುತ್ತದೆ. ಶಾಲೆಯ ಬಸ್ಸು ಪಟ್ಟಣದ ಬೀದಿಬೀದಿಗೂ ಬರುತ್ತದೆ, ಆದರೆ ಅದರ ಆರ್‌ಟಿಇ ಸೀಟಿಗೆ ಪಟ್ಟಣದ ಕೂಲಿಕಾರನ ಮಗು ಅರ್ಜಿ ಹಾಕುವಂತಿಲ್ಲ.

ಅರ್ಜಿ ಆನ್‌ಲೈನ್ ಆದ ಮೇಲೆ ಕೈಕಾಗದದ ಗೊಂದಲ ಕಡಿಮೆಯಾಯಿತು, ದಾಖಲೆಯ ಗೊಂದಲ ಹೆಚ್ಚಿತು. ಬೇಕಾದದ್ದು ಮಗುವಿನ ಜನನ ಪ್ರಮಾಣಪತ್ರ, ಮಗುವಿನ ಮತ್ತು ಪೋಷಕರ ಆಧಾರ್, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಹೆಸರು ತಾನಾಗಿ ಬರಬೇಕು. ಆದಾಯಮಿತಿ ವರ್ಷಕ್ಕೆ 3.5 ಲಕ್ಷ ರೂಪಾಯಿ. ಅರ್ಜಿ ಬೀಳುತ್ತಿದ್ದದ್ದು ಆದಾಯಕ್ಕಿಂತ ಹೆಚ್ಚಾಗಿ ಹೆಸರಿನಿಂದ ಮತ್ತು ವಿಳಾಸದಿಂದ. ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲ, ನಾಮಕರಣಕ್ಕೆ ಮೊದಲೇ ಮಾಡಿಸಿದ್ದು. ಅಪ್ಪನ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹೆರಿಗೆ ತವರಲ್ಲಿ ಆದದ್ದರಿಂದ ತಾಯಿಯ ಆಧಾರ್ ಇನ್ನೂ ತವರಿನ ವಿಳಾಸದಲ್ಲಿದೆ. ಬಾಡಿಗೆ ಮನೆ ಬದಲಿಸಿದವರು ಹಳೆಯ ವಾರ್ಡಿನ ಆಧಾರ್ ಹಿಡಿದು ಹೊಸ ವಾರ್ಡಿನ ಶಾಲೆ ಕೇಳಿದ್ದಾರೆ. ಇವನ್ನೆಲ್ಲ ಸರಿಪಡಿಸಬಹುದು, ಆದರೆ ಅರ್ಜಿ ಶುರುವಾದ ಮೇಲೆ ಹೊರಟರೆ ಸಮಯ ಸಾಲದು. ಡಿಸೆಂಬರಿನಲ್ಲೇ ದಾಖಲೆಗಳನ್ನು ಒಂದರ ಪಕ್ಕ ಒಂದು ಇಟ್ಟು ಅಕ್ಷರಕ್ಕೆ ಅಕ್ಷರ ನೋಡಿಕೊಂಡವರಿಗೆ ಈ ತೊಂದರೆ ಬರುವುದಿಲ್ಲ.

ಅರ್ಜಿ ಸಿಂಧುವಾದರೆ ಕಂಪ್ಯೂಟರ್ ಲಾಟರಿ. ಒಂದು ಸುತ್ತಿನಲ್ಲಿ ಸೀಟು ಸಿಕ್ಕ ಮಗುವನ್ನು ನಿಗದಿತ ದಿನದೊಳಗೆ ದಾಖಲಿಸದಿದ್ದರೆ ಸೀಟು ಹೋಯಿತು. ಉಳಿದದ್ದು ಮುಂದಿನ ಸುತ್ತಿಗೆ. ಇಲ್ಲೊಂದು ಹೊಂದಿಕೆಯಾಗದ ಸಂಗತಿ ಇತ್ತು, ಇಂದಿಗೂ ಇದೆ. ಖಾಸಗಿ ಶಾಲೆಗಳ ಸಾಮಾನ್ಯ ದಾಖಲಾತಿ ಚಳಿಗಾಲದಲ್ಲೇ ಮುಗಿಯುತ್ತದೆ, ಲಾಟರಿ ಬೇಸಿಗೆಯಲ್ಲಿ ನಡೆಯುತ್ತದೆ. ಲಾಟರಿ ನೆಚ್ಚಿ ಕಾದವರಿಗೆ ಸೀಟು ಬಾರದಿದ್ದರೆ ದುಡ್ಡು ಕೊಟ್ಟರೂ ಒಳ್ಳೆಯ ಶಾಲೆ ಉಳಿದಿರುವುದಿಲ್ಲ. ಕಾಯದೆ ಮುಂಗಡ ಕಟ್ಟಿದವರು ಲಾಟರಿಯಲ್ಲಿ ಗೆದ್ದರೆ ಆ ಹಣ ವಾಪಸು ಪಡೆಯಲು ಅಲೆಯಬೇಕು.

ಶಾಲೆಗಳಿಗೂ ತಕರಾರಿತ್ತು. ಸರ್ಕಾರ ಮರುಪಾವತಿಸುತ್ತಿದ್ದದ್ದು ಮೊದಲಿಗೆ ಒಂದನೇ ತರಗತಿಗೆ 11,848 ರೂಪಾಯಿ, ಎಲ್‌ಕೆಜಿಗೆ ಅದರ ಅರ್ಧ 5,924. ನಂತರ 16,000 ಮತ್ತು 8,000 ಆಯಿತು. ಶಾಲೆಯ ಶುಲ್ಕ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಹಣ ತಡವಾಗಿ ಬರುತ್ತದೆ ಎಂಬ ದೂರು ಪ್ರತಿ ವರ್ಷದ್ದು. ಅದರ ಬಿಸಿ ಕೊನೆಗೆ ತಟ್ಟುತ್ತಿದ್ದದ್ದು ಪುಸ್ತಕ, ಸಮವಸ್ತ್ರದ ಹೆಸರಿನಲ್ಲಿ ಪೋಷಕರಿಗೇ. ಇದರ ನಡುವೆ 2014ರ ಮೇ 6ರಂದೇ, ಭಾಷಾ ಮಾಧ್ಯಮದ ತೀರ್ಪು ಬಂದ ದಿನವೇ, ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟಿತು. ಧಾರ್ಮಿಕ ಅಲ್ಪಸಂಖ್ಯಾತರಷ್ಟೇ ಅಲ್ಲ, ಭಾಷಾ ಅಲ್ಪಸಂಖ್ಯಾತರೂ ಇದರಲ್ಲಿ ಸೇರುತ್ತಾರೆ. ತೆಲುಗು ಮನೆಮಾತು ಸಾಮಾನ್ಯವಾಗಿರುವ ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಇದರ ಅರ್ಥ ದೊಡ್ಡದು.

ಆಮೇಲೆ ಬಂದದ್ದು 2019ರ ತಿದ್ದುಪಡಿ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆರ್‌ಟಿಇ ಕೋಟಾ ಅನ್ವಯಿಸುವುದಿಲ್ಲ ಎಂದು ರಾಜ್ಯ ತನ್ನ ನಿಯಮವನ್ನೇ ಬದಲಿಸಿತು. ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ಅವುಗಳ ಮಕ್ಕಳನ್ನು ಸರ್ಕಾರದ ದುಡ್ಡಿನಲ್ಲೇ ಖಾಸಗಿಗೆ ಕಳಿಸುವುದೇಕೆ ಎಂಬುದು ವಾದ. ವಾದದಲ್ಲಿ ಹುರುಳಿದೆ. ಆದರೆ ಪರಿಣಾಮ ಎಷ್ಟೆಂದರೆ, ರಾಜ್ಯದಲ್ಲಿ ಒಂದೂವರೆ ಲಕ್ಷದಷ್ಟಿದ್ದ ಸೀಟುಗಳು ಒಂದೇ ವರ್ಷದಲ್ಲಿ ಹದಿನೇಳು ಸಾವಿರದ ಆಸುಪಾಸಿಗೆ ಇಳಿದವು. ಬಯಲುಸೀಮೆಯ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕಾನ್ವೆಂಟು ಇರುವುದು ಪಟ್ಟಣದಲ್ಲಿ ಅಥವಾ ಹೋಬಳಿ ಕೇಂದ್ರದಲ್ಲಿ. ಅಂಥ ಕಡೆ ಸರ್ಕಾರಿ ಶಾಲೆ ಇಲ್ಲದ ವಾರ್ಡು, ಊರು ಹುಡುಕಿದರೂ ಸಿಗುವುದು ಕಷ್ಟ. ಹೈಕೋರ್ಟ್ 2019ರ ಮೇ 31ರಂದು ತಿದ್ದುಪಡಿಯನ್ನು ಒಪ್ಪಿತು. 2024ರಲ್ಲಿ ಮಹಾರಾಷ್ಟ್ರ ತಂದ ಇಂಥದೇ ನಿಯಮವನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ರದ್ದತಿಯನ್ನು ಎತ್ತಿಹಿಡಿಯಿತು.

ಕೋಟಾ ಕುಗ್ಗಿದ ಮೇಲೆ ಜಗಳ ವಯಸ್ಸಿಗೆ ತಿರುಗಿತು. ಒಂದನೇ ತರಗತಿಗೆ 5 ವರ್ಷ 5 ತಿಂಗಳು ಸಾಕಿತ್ತು. 2022ರ ಜುಲೈನಲ್ಲಿ ಜೂನ್ 1ಕ್ಕೆ 6 ತುಂಬಿರಬೇಕು ಎಂಬ ಆದೇಶ ಬಂತು, ನವೆಂಬರಿನಲ್ಲಿ ಅದನ್ನು 2025-26ಕ್ಕೆ ಮುಂದೂಡಲಾಯಿತು. ಹಾಗಾದರೆ 2023-24ರಲ್ಲಿ ಎಲ್‌ಕೆಜಿಗೆ ಸೇರುವವರಿಗೆ ಆಗಲೇ 4 ತುಂಬಿರಬೇಕಿತ್ತು. ಎಷ್ಟೋ ಕಡೆ ಮೂರೂವರೆ ವರ್ಷದವರನ್ನೂ ಸೇರಿಸಿಕೊಳ್ಳಲಾಯಿತು. ಒಂದನೇ ತರಗತಿಯಿಲ್ಲದ ಪ್ಲೇಹೋಮುಗಳು ಕಾಯ್ದೆಯ ‘ಶಾಲೆ’ ಎಂಬ ವ್ಯಾಖ್ಯೆಗೇ ಬರುವುದಿಲ್ಲ, ಅವುಗಳ ದಾಖಲಾತಿಯನ್ನು ತಡೆಯುವವರಿರಲಿಲ್ಲ. ಆ ಮಕ್ಕಳು ಯುಕೆಜಿ ಮುಗಿಸಿ ನಿಂತಾಗ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಎಂದು 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಡಬೇಕಾಯಿತು, ಎಲ್‌ಕೆಜಿ ಯುಕೆಜಿ ಮುಗಿಸಿರಬೇಕು ಎಂಬ ಷರತ್ತಿನ ಮೇಲೆ. ಹಾಗಾಗಿ ಮಗುವಿನ ವಯಸ್ಸನ್ನು ಪ್ಲೇಹೋಮಿನವರ ಮಾತು ನಂಬಿ ಬಿಡದೆ, ಒಂದನೇ ತರಗತಿಗೆ ಸೇರುವ ವರ್ಷದ ಜೂನ್ 1ರಿಂದ ಹಿಂದಕ್ಕೆ ಎಣಿಸಿ ನೋಡುವುದೇ ಸರಿ.

ಸರ್ಕಾರಿ ಕಡೆಯಲ್ಲಿ 2019-20ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯಿತು. ದುಡ್ಡಿಲ್ಲದೆ ಇಂಗ್ಲಿಷ್ ಸಿಗುವ ಈ ಸೀಟುಗಳು ಬೇಡಿಕೆಯ ಮುಂದೆ ಬಹಳ ಕಡಿಮೆ. ಉಳಿದ ಸರ್ಕಾರಿ ಶಾಲೆಗಳಿಗೂ ಎಲ್‌ಕೆಜಿ ವಿಸ್ತರಿಸಲು ಹೊರಟಾಗ 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಮೂರು ವರ್ಷ ತುಂಬಿದ ಮಗುವನ್ನು ಲಾಟರಿಯಿಲ್ಲದೆ, ಆದಾಯ ಪತ್ರವಿಲ್ಲದೆ, ಊಟ ಹಾಕಿ ಕೂರಿಸಿಕೊಳ್ಳುವ ಜಾಗ ಇಂದಿಗೂ ಅಂಗನವಾಡಿಯೊಂದೇ. ಕಾರ್ಯಕರ್ತೆಗೆ ತೂಕದ ದಾಖಲೆ, ಗರ್ಭಿಣಿಯರ ಪಟ್ಟಿ, ಸಮೀಕ್ಷೆಗಳ ಹೊರೆ ಇಳಿಸಿ ಕಲಿಸಲು ಬಿಡುವು ಕೊಟ್ಟಿದ್ದರೆ ಎಲ್‌ಕೆಜಿ ಸೀಟಿನ ಮೇಲಿನ ಒತ್ತಡ ಇಷ್ಟಿರುತ್ತಿರಲಿಲ್ಲ.

ಈಗ ಉಳಿದಿರುವ ಇನ್ನೊಂದು ಲೆಕ್ಕ ಲಾಟರಿ ಗೆದ್ದವರದ್ದು. ಆರ್‌ಟಿಇ ಉಚಿತ ಶಿಕ್ಷಣ ಎಂಟನೇ ತರಗತಿವರೆಗೆ ಮಾತ್ರ. ಕೋಟಾ ಪೂರ್ತಿ ಇದ್ದ ಕೊನೆಯ ವರ್ಷವಾದ 2018-19ರಲ್ಲಿ ಎಲ್‌ಕೆಜಿ ಸೇರಿದ ಮಕ್ಕಳು 2027-28ರಲ್ಲಿ ಎಂಟನೇ ತರಗತಿ ಮುಗಿಸುತ್ತಾರೆ. ಒಂಬತ್ತನೇ ತರಗತಿಗೆ ಅದೇ ಶಾಲೆಯಲ್ಲಿ ಉಳಿಯಬೇಕಾದರೆ ಪೂರ್ತಿ ಶುಲ್ಕ ಕಟ್ಟಬೇಕು, ಇಲ್ಲವೇ ಟಿಸಿ ಪಡೆದು ಸರ್ಕಾರಿ ಪ್ರೌಢಶಾಲೆಗೆ ಸೇರಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಆಗ ಮೊದಲು ವಿಚಾರಿಸಬೇಕಾದದ್ದು ಹತ್ತಿರದ ಯಾವ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆ ಎಂಬುದನ್ನು.