ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು: ನಾನು ಎಡವಿದ ಎರಡು ಲೆಕ್ಕ

ನಿನ್ನೆ ರಾತ್ರಿ ಲೆಕ್ಕ ಹಾಕಿದಾಗ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬರೀ 5,180 ಕಿ.ಮೀ. ಅಂತ ಬಂತು. ಅಷ್ಟು ಹತ್ತಿರ ಇದ್ದಿದ್ದರೆ ನಮ್ಮ ಚಿಕ್ಕಪ್ಪ ಪ್ರತಿ ಹಬ್ಬಕ್ಕೂ ಬಂದು ಹೋಗುತ್ತಿದ್ದರು! ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ದೂರ

ಬೆಂಗಳೂರು ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊದ್ದು 37.6 ಉತ್ತರ, 122.4 ಪಶ್ಚಿಮ. ಭೂಮಿಯ ಕೇಂದ್ರದಿಂದ ನೋಡಿದರೆ ಎರಡು ಊರುಗಳ ನಡುವೆ ಎಷ್ಟು ಕೋನ ಅಂತ ಹೇಳುವ ಸೂತ್ರ ಗೊತ್ತಿರುವುದೇ:

ಕಾಸ್ ಕೋನ = ಸೈನ್ 13.2 × ಸೈನ್ 37.6 + ಕಾಸ್ 13.2 × ಕಾಸ್ 37.6 × ಕಾಸ್ ರೇಖಾಂಶದ ಅಂತರ

ನಾನು 122.4ರಲ್ಲಿ 77.7 ಕಳೆದು 44.7 ಹಾಕಿದ್ದೆ. ಅದೇ ಎಡವಟ್ಟು. ಒಂದು ಪೂರ್ವ, ಇನ್ನೊಂದು ಪಶ್ಚಿಮ, ಹಾಗಾಗಿ ಕೂಡಬೇಕು: 200.1. ಇದು 180 ದಾಟಿತಲ್ಲ, 360ರಿಂದ ಕಳೆಯಬೇಕಾ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಬೇಕಾಗಿಲ್ಲ! ಕಾಸ್ 200.1 ಮತ್ತು ಕಾಸ್ 159.9 ಎರಡೂ ಒಂದೇ, −0.939. ಈಗ ಮೊತ್ತ −0.585, ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಅಂತೆ ಸುಮಾರು 13,990 ಕಿ.ಮೀ.

ಉತ್ತರ ಸರಿಯಾ ಅಂತ ನೋಡಲು ನನಗೆ ಬಹಳ ಇಷ್ಟವಾದ ಉಪಾಯ ಇದು, ಸೈನ್ ಕಾಸ್ ಏನೂ ಬೇಡ. ಉತ್ತರ ಧ್ರುವದ ಮೇಲೆ ಹತ್ತಿ ಇಳಿದರೆ ಎಷ್ಟಾಗುತ್ತದೆ? ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 90 − 37.6 = 52.4, ಧ್ರುವದಿಂದ ನಮ್ಮೂರಿಗೆ 90 − 13.2 = 76.8. ಒಟ್ಟು 129.2 ಡಿಗ್ರಿ, ಅಂದರೆ 14,370 ಕಿ.ಮೀ. ಹತ್ತಿರ. ಎರಡು ಊರೂ ಭೂಮಿಯ ಹೆಚ್ಚುಕಡಿಮೆ ಆಚೆ-ಈಚೆ ಬದಿಯಲ್ಲಿರುವುದರಿಂದ ನಿಜವಾದ ದೂರ ಇದಕ್ಕಿಂತ ಸ್ವಲ್ಪವೇ ಕಡಿಮೆ ಇರಬೇಕು. ಸುಮ್ನೆ ಬೆರಳಲ್ಲಿ ಎಣಿಸಿದ್ದರೂ 5,180 ಸುಳ್ಳು ಅಂತ ಗೊತ್ತಾಗುತ್ತಿತ್ತು.

ಸಮಯ

ಧ್ರುವದ ಮೇಲೆ ಯಾರು ಹೋಗ್ತಾರೆ ಅನ್ನಬೇಡಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಅದೇ ದಾರಿಯಲ್ಲಿ ಬೆಂಗಳೂರಿಗೆ ಬಂತು, ಓಡಿಸಿದವರೆಲ್ಲ ಮಹಿಳಾ ಪೈಲಟ್‌ಗಳು. ವೇಳಾಪಟ್ಟಿ ಹೀಗಿತ್ತು: 9ರ ರಾತ್ರಿ 8:30ಕ್ಕೆ ಹೊರಟು 11ರ ಬೆಳಗಿನ ಜಾವ 3:45ಕ್ಕೆ ಇಳಿಯುವುದು. ಎರಡೂ ಆಯಾ ಊರಿನ ಸಮಯ.

ತಾರೀಖು ನೋಡಿ ಕಳೆದರೆ 31 ಗಂಟೆ 15 ನಿಮಿಷ. ನಾವು 13 ಗಂಟೆ 30 ನಿಮಿಷ ಮುಂದೆ ಇದ್ದೇವೆ ಅಂತ ನಾನು ಅದನ್ನೂ ಕೂಡಿಸಿ, 44 ಗಂಟೆ 45 ನಿಮಿಷ ಮಾಡಿದೆ! ಕೂಡಿಸುವುದಾ ಕಳೆಯುವುದಾ ಅಂತ ಬಾಯಿಪಾಠ ಮಾಡಲೇಬೇಡಿ, ಪರೀಕ್ಷೆಯಲ್ಲಿ ಖಂಡಿತ ಉಲ್ಟಾ ಆಗುತ್ತದೆ. ಹೊರಟ ಸಮಯವನ್ನು ಮೊದಲು ನಮ್ಮ ಗಡಿಯಾರಕ್ಕೆ ತನ್ನಿ. ಅಲ್ಲಿ 9ರ ರಾತ್ರಿ 8:30 ಆದಾಗ ಇಲ್ಲಿ 10ರ ಬೆಳಗ್ಗೆ 10 ಗಂಟೆ, ಅಮ್ಮ ತಿಂಡಿ ಪಾತ್ರೆ ತೊಳೆಯುವ ಹೊತ್ತು. ಅಲ್ಲಿಂದ ಮರುದಿನ 3:45ರವರೆಗೆ ಎಣಿಸಿದರೆ 17 ಗಂಟೆ 45 ನಿಮಿಷ. ಅಷ್ಟೇ.

ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಆಗ ಅಂತರ 12 ಗಂಟೆ 30 ನಿಮಿಷ. ಚಿಕ್ಕಪ್ಪನಿಗೆ ಫೋನ್ ಮಾಡುವಾಗಲೂ ಇದೇ ತಪ್ಪು ಮಾಡ್ತೀನಿ.