ಬಾಡಿಗೆ ಕೇಳ್ತೀರಿ, ಗಂಟೆ ಯಾಕೆ ಕೇಳೋಲ್ಲ?

ಮೈಸೂರಿನ ಲಾಡ್ಜ್ ಒಂದರ ಕೌಂಟರ್‌ನಲ್ಲಿ ಕೂರುವ ನನಗೆ ಬೆಳಗಾದರೆ ಇದೇ ತಕರಾರು. ಐದೂವರೆಗೆ ಸಬರ್ಬನ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದವರು ಮಕ್ಕಳು, ಲಗೇಜು ಸಮೇತ ಬಂದು ಮೊಬೈಲ್ ತೋರಿಸುತ್ತಾರೆ. "12ನೇ ತಾರೀಖಿಗೆ ಬುಕ್ ಆಗಿದೆ. ಇವತ್ತು 12. ಕೀ ಕೊಡಿ."

ಬುಕ್ ಆಗಿರುವುದು ನಿಜ. ಆದರೆ ನಮ್ಮಲ್ಲಿ 12ನೇ ತಾರೀಖಿನ ರೂಮು ಶುರುವಾಗುವುದು ಮಧ್ಯಾಹ್ನ 12 ಗಂಟೆಗೆ. ಮುಗಿಯುವುದು 13ರ ಬೆಳಿಗ್ಗೆ 11ಕ್ಕೆ. ನೀವು ಬಂದ ಹೊತ್ತಲ್ಲಿ ಆ ರೂಮಿನಲ್ಲಿ 11ನೇ ತಾರೀಖಿನ ದುಡ್ಡು ಕೊಟ್ಟವರು ಮಲಗಿರುತ್ತಾರೆ. ಬೆಳಿಗ್ಗೆಯೇ ರೂಮು ಬೇಕೇ ಬೇಕು ಅಂದರೆ ಹಿಂದಿನ ದಿನದ ತಾರೀಖಿಗೂ ಸೇರಿಸಿ ಬುಕ್ ಮಾಡಬೇಕು, ಆಮೇಲೆ ಫೋನ್ ಮಾಡಿ "ಬೆಳಗಿನ ಜಾವ ಬರುತ್ತೇವೆ, ರೂಮು ಬೇರೆಯವರಿಗೆ ಕೊಡಬೇಡಿ" ಅಂತ ಹೇಳಬೇಕು. ಎರಡು ದಿನದ ಬಾಡಿಗೆ ಆಗುತ್ತದೆ, ಹೌದು.

ಇನ್ನೊಂದು ಲೆಕ್ಕ 24 ಗಂಟೆ ಚೆಕ್ ಔಟ್. ಹಳೇ ಲಾಡ್ಜ್‌ಗಳಲ್ಲಿ ಕೆಲವು ಈಗಲೂ ಇದನ್ನು ಇಟ್ಟುಕೊಂಡಿವೆ. ರಿಜಿಸ್ಟರ್‌ನಲ್ಲಿ ಸಹಿ ಹಾಕಿದ ಗಂಟೆಯಿಂದ ಮರುದಿನ ಅದೇ ಗಂಟೆವರೆಗೆ ರೂಮು ನಿಮ್ಮದು. ಬೆಳಿಗ್ಗೆ ಆರಕ್ಕೆ ಬರುವವರಿಗೆ, ಬಾಡಿಗೆ ನೂರಿನ್ನೂರು ಜಾಸ್ತಿ ಇದ್ದರೂ ಇದೇ ಅಗ್ಗ. ಆದರೆ ಆಪ್‌ನಲ್ಲಿ ಬುಕ್ ಮಾಡಿದವರಿಗೆ ಅಲ್ಲೂ ಮಧ್ಯಾಹ್ನದ ಲೆಕ್ಕವೇ ಇರಬಹುದು. ಎಲ್ಲಾ ಕಡೆ ಒಂದೇ ನಿಯಮ ಇಲ್ಲ, ಕೇಳಿಯೇ ತಿಳಿದುಕೊಳ್ಳಿ.

ಒಮ್ಮೆ ಹುಬ್ಬಳ್ಳಿ ಕಡೆಯ ಕುಟುಂಬ ಬಂದಿತ್ತು. "ರೊಕ್ಕ ಕೊಟ್ಟೇವ್ರಿ, ರೂಮ್ ಯಾಕ ಕೊಡಂಗಿಲ್ಲ?" ಅಂತ ಮಗ ದನಿ ಏರಿಸಿದ. ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದ ಅಜ್ಜಿ, "ಒಳಗ ಮಲಗಿದವ್ರೂ ರೊಕ್ಕ ಕೊಟ್ಟಾರಲ್ಲೋ. ಎಬ್ಬಿಸಬ್ಯಾಡ" ಅಂದರು. ಅವರಿಗೆ ನಮ್ಮ ಹುಡುಗರ ಬಾತ್‌ರೂಮಿನಲ್ಲೇ ಬಿಸಿನೀರು ಬಿಡಿಸಿದೆ. ಇಂಥವರು ಕಾಯುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಖಾಲಿ ರೂಮು ಇದ್ದರೆ ಯಾರೂ ಹೀಗೆ ಕೂರಿಸುವುದಿಲ್ಲ.

ಹೊರಡುವ ದಿನವೂ ಇದೇ ಕಥೆ. ಅರಮನೆ ಒಳಗೆ ಬಿಡುವುದು 10 ಗಂಟೆಗೆ. ಸಾಮಾನು ರೂಮಿನಲ್ಲೇ ಬಿಟ್ಟು ಹೋಗುತ್ತೀರಿ. ಟಿಕೆಟ್ ಸಾಲು, ಚಪ್ಪಲಿ ಸ್ಟ್ಯಾಂಡು, ಕಲ್ಯಾಣ ಮಂಟಪ, ದರ್ಬಾರ್ ಹಾಲ್ ಎಲ್ಲಾ ಮುಗಿಸಿ ಬರುವಾಗ ಗಂಟೆ ಒಂದು. ಆಗ ಅರ್ಧ ದಿನದ ಬಾಡಿಗೆ ಕೇಳಿದರೆ ಮುಖ ಗಂಟಿಕ್ಕುತ್ತೀರಿ. ಒಂಬತ್ತೂವರೆಗೇ ರೂಮು ಖಾಲಿ ಮಾಡಿ, ಬ್ಯಾಗು ನಮ್ಮ ಹತ್ತಿರ ಇಟ್ಟು ಹೋಗಿ. ಸಂಜೆವರೆಗೂ ಇಟ್ಟುಕೊಳ್ಳುತ್ತೇವೆ. ಒಡವೆ, ದುಡ್ಡು ಮಾತ್ರ ಅದರಲ್ಲಿ ಬಿಡಬೇಡಿ.

ಅರಮನೆಯ ದೀಪಾಲಂಕಾರ ನೋಡಬೇಕು ಅಂತ ಬರುವವರು ಭಾನುವಾರ ಅಥವಾ ಸರ್ಕಾರಿ ರಜೆಯ ರಾತ್ರಿಗೆ ರೂಮು ಹಿಡಿಯಿರಿ. ಶನಿವಾರ ರಾತ್ರಿ ತಂಗಿ ಭಾನುವಾರ ಮಧ್ಯಾಹ್ನ ಹೊರಟುಬಿಟ್ಟರೆ ದೀಪ ಎಲ್ಲಿ ಕಾಣುತ್ತೆ? ಮಂಗಳವಾರ ಮೃಗಾಲಯಕ್ಕೆ ರಜೆ. ಅರಮನೆ ಎದುರಿನ ರೂಮೇ ಬೇಕು ಅನ್ನುವ ಹಟ ಬಿಡಿ, ರೈಲ್ವೆ ಸ್ಟೇಷನ್ ಹತ್ತಿರ ಇಳಿದುಕೊಂಡರೂ ಅರಮನೆಗೆ ನಡೆದೇ ಹೋಗಬಹುದು.

ಫೋನ್ ಮಾಡಿದಾಗ "ರೂಮ್ ಎಷ್ಟು?" ಅನ್ನುವ ಮೊದಲು, "ನಾವು ಇಷ್ಟು ಗಂಟೆಗೆ ಬರುತ್ತೇವೆ, ಯಾವಾಗ ಖಾಲಿ ಮಾಡಬೇಕು?" ಅಂತ ಕೇಳಿ. ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ. ರಾತ್ರಿ ಪಾಳಿಯವರು ಬೇರೆ ಇರುತ್ತಾರೆ.